ಮೇಷ್ಟ್ರ ಮೊಣಕೈ

ಮುಂದಿನ ಹಲ್ಲಿನ ಸಂದಿಗೆ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಒತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಮಧುಗಿರಿಯ ಹಲ್ಲಿನ ಡಾಕ್ಟರು, ನನ್ನ ಮಗಳ ವಯಸ್ಸಿನವರು, ನನ್ನ ಮೇಲಿನ ಎರಡು ಹಲ್ಲನ್ನು ಅಲ್ಲಾಡಿಸಿ ನೋಡಿ, "ಇವೆರಡೂ ಹೋಗ್ಬೇಕು ಅಂಕಲ್. ಬೇರೆ ಕಟ್ಟಿಸ್ಕೊಬಹುದು" ಎಂದರು. "ಕಟ್ಟಿಸ್ಕೊಂಡ ಮೇಲೆ ಊದಬಹುದಾ?" ಎಂದು ಕೇಳಿದೆ. "ಏನನ್ನ, ಒಲೆನಾ?" ಎಂದರು. ತಪ್ಪು ಅವರದಲ್ಲ. ನೋಡಿದ ಕೂಡಲೇ ಇವನು ಟ್ರಂಪೆಟ್ ಊದುವವನು ಎಂದು ಗುರುತು ಹಿಡಿಯುವಂಥ ಮುಖ ನನ್ನದಲ್ಲ. ಕೆಂಪು ಕೋಟು ಹಾಕಿದರೆ ಮಾತ್ರ ಸ್ವಲ್ಪ ಮರ್ಯಾದೆ. ಆ ಕೋಟನ್ನೂ ನನಗಿಂತ ಎರಡರಷ್ಟು ದಪ್ಪಗಿದ್ದ ಒಬ್ಬರಿಗೆಂದು ಹೊಲಿಸಿದ್ದು.

ಬ್ಯಾಂಡ್‌ಸೆಟ್ಟಿನವರ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಟ್ರಂಪೆಟ್ ಊದುವುದು ಬಾಯಿಯಾದರೂ ಅದನ್ನು ತಾಳಿಕೊಳ್ಳುವುದು ಹಲ್ಲು. ತುಟಿಯ ಹಿಂದೆ ಆ ಗೋಡೆ ಇಲ್ಲದಿದ್ದರೆ ಮೇಲಿನ ಸ್ವರ ಹುಟ್ಟುವುದೇ ಇಲ್ಲ, ಬರೀ ಗಾಳಿ. ಭಾನುವಾರ ಕೊಳಾಲದಲ್ಲಿ ಮದುವೆ ಒಪ್ಪಿಕೊಂಡಿದ್ದೇವೆ. ಮೆರವಣಿಗೆಯ ಮುಂದೆ ನಿಲ್ಲಬೇಕಾದವನು ನಾನು. ನಿಲ್ಲಲೇ, ಬೇಡವೇ ಎಂಬ ಯೋಚನೆಗೆ ಈ ಲವಂಗದ ವಾಸನೆ ಬೇರೆ ಸೇರಿಕೊಂಡಿದೆ. ಕದರಪ್ಪ ಮೇಷ್ಟ್ರ ಪಕ್ಕ ಕೂತರೆ ಬರುತ್ತಿದ್ದದ್ದು ಇದೇ ವಾಸನೆ.

ನಾನು ಸೇರಿದಾಗ ನಮ್ಮ ಸೆಟ್ಟು ಅವರದೇ. ಲಗ್ನದ ಕಾಲ ಬಂತೆಂದರೆ ನಮಗೆ ಮನೆಯೆಂದರೆ ಟೆಂಪೋ. ಇವತ್ತು ಕೊರಟಗೆರೆ, ನಾಳೆ ಸಿರಾ, ನಾಳಿದ್ದು ಪಾವಗಡ. ಯಾವ ಊರಿನಲ್ಲಿ ಸಾರು ಖಾರ, ಯಾವ ಊರಿನಲ್ಲಿ ಬ್ಯಾಂಡಿನವರನ್ನು ಕೊನೇ ಪಂಕ್ತಿಗೆ ಕೂರಿಸುತ್ತಾರೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು. ಪಾವಗಡದ ಕಡೆಯವರು ಸೆಟ್ಟು ಗೊತ್ತು ಮಾಡುವಾಗ ಕೇಳುತ್ತಿದ್ದದ್ದು ಒಂದೇ ಮಾತು: "ಮೇಷ್ಟ್ರು ಬರ್ತಾರಾ?" ಬಂದರೆ ಸರಿ, ಮಿಕ್ಕವರು ಯಾರಾದರೇನು!

ಅಂಥ ಮೇಷ್ಟ್ರಿಗೆ ಹಲ್ಲು ಕೈಕೊಟ್ಟಿತು. ಎರಡು ಬಿದ್ದವು. ಕಟ್ಟಿಸಿಕೊಂಡದ್ದು ಊದುವಾಗ ಪಕ್ಕಕ್ಕೆ ಸರಿಯುತ್ತಿದ್ದರಿಂದ ಜೇಬು ಸೇರಿತು. ಮೀಸೆಯನ್ನು ತುಟಿಯ ಮೇಲೆ ಇಳಿಬಿಟ್ಟರು, ನಗುವುದನ್ನು ನಿಲ್ಲಿಸಿದರು. ಒಂದು ದಿನ ಎರಡನೇ ಟ್ರಂಪೆಟ್ಟಿನವನಾದ ನನ್ನನ್ನು ಪಕ್ಕಕ್ಕೆ ಕರೆದು, "ಲೇ, ಇನ್ಮ್ಯಾಕೆ ನನ್ನ ಪಾಲ್ನೂ ನೀನೇ ಊದು. ನಾನು ಬರೀ ಬೆರಳಾಡಿಸ್ತೀನಿ. ಜನ ಮುಂದಿರೋನ್ನ ನೋಡ್ತಾರೆ ಕಣ್ಲಾ, ಹಿಂದಿರೋನ್ನ ಯಾರು ನೋಡ್ತಾರೆ? ನನ್ನ ಮೊಣಕೈ ನೋಡ್ಕೋ. ಮ್ಯಾಲಿದ್ರೆ ಊದು, ಇಳಿದ್ರೆ ನಿಲ್ಸು" ಎಂದರು.

ಎರಡು ವರ್ಷ ಹಾಗೆಯೇ ನಡೆಯಿತು. ಸೆಟ್ಟಿನವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮೊದಮೊದಲು ನನಗೆ ಹೆಮ್ಮೆಯೇ. ಆಮೇಲೆ, ಸುಳ್ಳೇಕೆ ಹೇಳಲಿ, ಹೊಟ್ಟೆಯುರಿ. ನಾನು ಊದಿದ್ದಕ್ಕೆ ಅವರಿಗೆ ಹಾರ ಬೀಳುತ್ತಿತ್ತು. ಇವತ್ತಿಗೂ ಕದರಪ್ಪ ಮೇಷ್ಟ್ರೆಂದರೆ ನನಗೆ ಮುಖಕ್ಕಿಂತ ಮೊದಲು ಅವರ ಬಲ ಮೊಣಕೈಯೇ ನೆನಪಾಗುತ್ತದೆ. ಅಲ್ಲಿ ಕೋಟಿಗೆ ಒಂದು ತೇಪೆ ಇತ್ತು. ಎಷ್ಟು ಹೊಲಿಗೆ ಎಂದು ಕೇಳಿದರೂ ಹೇಳಬಲ್ಲೆ.

ಆಮೇಲೆ ವೈ.ಎನ್.ಹೊಸಕೋಟೆಯ ಆ ಮದುವೆ ಬಂತು. ಬೆಳಿಗ್ಗೆ ಹತ್ತರ ಬಿಸಿಲು. ಬಸ್ಸಿನಿಂದ ಇಳಿದ ಗಂಡಿನ ಕಡೆಯವರನ್ನು ಎದುರುಗೊಂಡು ಹೊರಟಿದ್ದೆವು. ಒಂದು ಹಾಡು ಮುಗಿಯುವಷ್ಟರಲ್ಲಿ ಜನ ಇನ್ನೊಂದು ಸಲ ಊದಿ ಎಂದು ತೆಲುಗಿನಲ್ಲಿ "ಇಂಕೊಕ್ಕಸಾರಿ, ಇಂಕೊಕ್ಕಸಾರಿ" ಎಂದು ಕೂಗಿದರು. ಅದನ್ನೇ ಮತ್ತೆ ಎತ್ತಿಕೊಂಡೆ. ಮೇಲಿನ ಸ್ವರಕ್ಕೆ ಹೋದಾಗ ಏನಾಯಿತೋ, ಇಷ್ಟು ದಿನ ಬರದಿದ್ದ ಒಂದು ಎಳೆ ಬಂತು. ಅದರ ಹಿಂದೆಯೇ ಹೋದೆ. ಹೋಗುವಾಗ ಕಣ್ಣು ಮುಚ್ಚಿಬಿಟ್ಟೆ.

ಅದೇ ಹೊತ್ತಿಗೆ ಹೆಣ್ಣಿನ ತಂದೆ ಮೇಷ್ಟ್ರಿಗೆ ಹೊದಿಸಲು ಶಾಲು ತಂದಿದ್ದಾರೆ. ಮೇಷ್ಟ್ರು ಟ್ರಂಪೆಟ್ಟನ್ನು ಕಂಕುಳಿಗೆ ಸಿಕ್ಕಿಸಿ ತಲೆ ಬಗ್ಗಿಸಿದ್ದಾರೆ. ಡ್ರಮ್ಮಿನವರು ನಿಲ್ಲಿಸಿದ್ದಾರೆ, ಕ್ಲಾರಿನೆಟ್ಟಿನವರು ನಿಲ್ಲಿಸಿದ್ದಾರೆ. ಎಲ್ಲ ನಿಂತರೂ ನಾನೊಬ್ಬ ಮಾತ್ರ ಊದುತ್ತಲೇ ಇದ್ದೇನೆ. ಕಣ್ಣು ಬಿಟ್ಟಾಗ ಊರೆಲ್ಲ ಒಮ್ಮೆ ನನ್ನನ್ನು, ಒಮ್ಮೆ ಮೇಷ್ಟ್ರ ಕಂಕುಳನ್ನು ನೋಡುತ್ತಿತ್ತು. ಕಳಸ ಹಿಡಿದಿದ್ದ ಒಬ್ಬ ಅಜ್ಜಿ, "ಇದೇನ್ ಕಣಮ್ಮ, ಕಂಕುಳಾಗಿಟ್ರೂ ಊದ್ಕಂತೈತೆ!" ಎಂದಳು. ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು. ಎರಡು ವರ್ಷ ಮೀಸೆಯ ಹಿಂದೆ ಬಚ್ಚಿಟ್ಟಿದ್ದ ಆ ಖಾಲಿ ಜಾಗವನ್ನು ಎಲ್ಲರೂ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಟೆಂಪೋದಲ್ಲಿ ಡ್ರೈವರ್ ಪಕ್ಕದ ಸೀಟು ಯಾವಾಗಲೂ ಮೇಷ್ಟ್ರದು. ಅವತ್ತು ಹಿಂದೆ ಬಂದು ನನ್ನ ಪಕ್ಕ ಕೂತರು. ಮದುವೆಮನೆಯವರು ಕೊಟ್ಟ ಹುರಿದ ಕಡಲೆಕಾಯಿ ಬಿಡಿಸಿ ದವಡೆಗೆ ಹಾಕಿಕೊಳ್ಳತೊಡಗಿದರು.

"ಮೇಷ್ಟ್ರೇ, ತಪ್ಪಾಯ್ತು."

"ಕಣ್ ಮುಚ್ಕಂಡಿದ್ದೆ ಅಲ್ವೇನ್ಲಾ?"

"ಹೂಂ."

"ಮುಚ್ಕಂಡ್ರೇನೇ ಅದು ಬರೋದು. ಎರಡು ವರ್ಸ ನಿನ್ ಕಣ್ಣ ನನ್ ಮೊಣಕೈಗೆ ಕಟ್ಟಾಕ್ಬುಟ್ಟಿದ್ದೆ. ನಂಗೂ ಗೊತ್ತಿತ್ತು ಕಣ್ಲಾ, ಬುಡಕ್ಕೆ ಮನ್ಸು ಬರ್ನಿಲ್ಲ." ಕೈಯಲ್ಲಿದ್ದ ಕಡಲೆಕಾಯಿಯಲ್ಲಿ ಅರ್ಧ ನನ್ನ ಕೈಗೆ ಸುರಿದರು.

ಮುಂದಿನ ಮದುವೆ ದೊಡ್ಡೇರಿಯಲ್ಲಿ. ನನ್ನನ್ನು ಮುಂದಕ್ಕೆ ತಳ್ಳಿ, ತಾವು ಜಲ್ ಜಲ್ ಎನ್ನುವ ಜೋಡಿ ಗಿಲಕಿ ಹಿಡಿದು ಹಿಂದಿನ ಸಾಲಿಗೆ ಹೋದರು. "ಯಾಕೆ ಮೇಷ್ಟ್ರೇ?" ಎಂದವರಿಗೆ, "ಹಲ್ಲಿಲ್ಲ ಕಣ್ರಪ್ಪ" ಎಂದು ಬಾಯಿ ತೆರೆದು ತೋರಿಸುತ್ತಿದ್ದರು. ಆಮೇಲೂ ಎಷ್ಟೋ ಲಗ್ನಕಾಲ ಹಾಗೆಯೇ ನಮ್ಮೊಂದಿಗೆ ತಿರುಗಿದರು. ಅವತ್ತು ಮುಂದೆ ನಿಂತಾಗ ನನಗೆ ಕೃತಜ್ಞತೆ ಬರಲಿಲ್ಲ, ಬರೀ ಖುಷಿಯಾಯಿತು. ಕೃತಜ್ಞತೆಗೆ ವಯಸ್ಸಾಗಬೇಕೋ ಏನೋ.

ವಯಸ್ಸೇನೋ ಆಯಿತು, ಬುದ್ಧಿ ಬಂದಿರಲಿಲ್ಲ. ಹಲ್ಲು ಅಲ್ಲಾಡಲು ಶುರುವಾದ ನಾಲ್ಕು ತಿಂಗಳಿಂದ ನಾನು ಮಾಡುತ್ತಿರುವುದೇನು ಕೇಳಿ. ನಮ್ಮ ಎರಡನೇ ಟ್ರಂಪೆಟ್ಟಿನವನು ಸಿರಾದ ದಾದಾಪೀರ್, ಎರಡು ಮಕ್ಕಳ ತಂದೆ. ಮೇಲಿನ ಸ್ವರವೆಲ್ಲ ಅವನ ಕೈಲಿ ಊದಿಸಿ ಮುಂದೆ ನಿಂತು ಬೆರಳಾಡಿಸುತ್ತಿದ್ದೇನೆ. ಮೇಷ್ಟ್ರು ಅದನ್ನು ಸುಳ್ಳೆಂದೇ ತಿಳಿದು ಮಾಡಿದರು. ನಾನು ಅದಕ್ಕೆ ಅವನಿಗೆ ಕೊಡುವ ತಾಲೀಮು ಎಂದು ಹೆಸರಿಟ್ಟಿದ್ದೆ.

ಇಷ್ಟು ಬರೆದ ಮೇಲೆ ಕೂರಲಾಗಲಿಲ್ಲ. ಈಗ ತಾನೇ ದಾದಾಪೀರನಿಗೆ ಫೋನು ಮಾಡಿದೆ.

"ಭಾನುವಾರ ಕೊಳಾಲದಲ್ಲಿ ನೀನು ಮುಂದೆ ನಿಂತ್ಕೋ. ನನ್ ಹಲ್ಲು ಹೋಯ್ತು ಕಣಪ್ಪ. ನಾನು ಹಿಂದಿರ್ತೀನಿ."

 

"ಅಣ್ಣಾ, ಕೋಪ ಮಾಡ್ಕೋಬ್ಯಾಡಿ" ಎಂದ. "ಹಿಂದೂಪುರದ ಸೆಟ್‌ನೋರ್ಗೆ ಬರ್ತೀನಿ ಅಂತ ಒಪ್ಕಂಡ್ಬುಟ್ಟಿದ್ದೆ. ಕೊಳಾಲದ್ದು ಮುಗಿಸಿ ನಿಮ್ಗೆ ಹೇಳಾನ ಅಂತಿದ್ದೆ. ಈಗ ಅವ್ರಿಗೆ ಇಲ್ಲ ಅಂತ ಹೇಳ್ಬುಡ್ತೀನಿ."

ಫೋನಿಟ್ಟೆ. ನಾಲ್ಕು ತಿಂಗಳು ನನ್ನ ಬೆನ್ನ ಹಿಂದೆ ನಿಂತು ಊದಿದವನ ಮುಖ ಹೇಗಿತ್ತೆಂದು ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ.