ಖಂಡೇನವಮಿಯ ರಾತ್ರಿ ಜಾಕ್ ಇಳಿಸಿದ್ದು

ನಡೆದದ್ದನ್ನೇ ಹೇಳುತ್ತಿದ್ದೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಿಮ್ಮನ್ನು ನಂಬಿಸಿ ನನಗೇನೂ ಆಗಬೇಕಾಗಿಲ್ಲ. ಅನುಮಾನವಿದ್ದವರು ಆರಗಕ್ಕೆ ಹೋಗಿ ನಮ್ಮ ದಾದಾನನ್ನು ನೋಡಲಿ. ಸೊಂಟದಿಂದ ಕೆಳಗೆ ಸೂಜಿ ಚುಚ್ಚಿದರೂ ಅವನಿಗೆ ತಿಳಿಯುವುದಿಲ್ಲ. ಅದಂತೂ ನಾನು ಕಟ್ಟಿದ ಕಥೆಯಲ್ಲ.

ನನ್ನ ಹೆಸರು ಪರಸು. ದಾದಾ ಅಂದರೆ ನನ್ನ ಅಣ್ಣ ಮಹಾದೇವ. ಮಿರಜದಿಂದ ಆರಗಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮಿಬ್ಬರದೊಂದು ತಗಡಿನ ಶೆಡ್ ಇತ್ತು. ಎಂಜಿನ್, ಬ್ರೇಕು ದಾದಾನ ಪಾಲು. ತುಕ್ಕು ತಿಂದ ಪತ್ರಾ, ಅಂದರೆ ತಗಡು, ಕತ್ತರಿಸಿ ಹೊಸ ಪತ್ರಾ ವೆಲ್ಡಿಂಗ್ ಮಾಡುವುದು ನನ್ನ ಪಾಲು. ಕೆಲಸದಲ್ಲಿ ನಾನೇನೂ ಕಡಿಮೆಯವನಲ್ಲ. ಆದರೆ ಬಂದ ಗಿರಾಕಿಗಳೆಲ್ಲ ಗಾಡಿಯಿಂದ ಇಳಿಯುತ್ತಲೇ ಕೇಳುತ್ತಿದ್ದದ್ದು ಮಹಾದೇವ ಮಿಸ್ತ್ರಿ ಎಲ್ಲಿ ಅಂತ. ನಾನು ಎದುರಿಗೇ ನಿಂತಿದ್ದರೂ ಹಾಗೆಯೇ. ಹನ್ನೆರಡು ವರ್ಷ ಕೇಳಿದ್ದೇನೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಆ ಸಲ ದಸರೆಗೆ ನಾಲ್ಕು ದಿನ ಇರುವಾಗ ಖಂಡೇರಾಜುರಿಯ ಕುರಿಗಾರ ಬೀರಪ್ಪ ತನ್ನ ಹಳೇ ಜೀಪು ತಂದು ನಿಲ್ಲಿಸಿದ. ಅವನ ಅಪ್ಪನ ಕಾಲದ ಗಾಡಿ. ಕುರಿ ಹಿಂಡಿನ ಹಿಂದೆ ಹಳ್ಳ, ಗುಡ್ಡ, ಹೊಲದ ಬದು ಎಲ್ಲ ಹತ್ತಿಳಿದದ್ದು. ಎಳೇ ಮರಿಗಳನ್ನು ಅದರಲ್ಲೇ ಹೇರಿ ಹೇರಿ, ಅವುಗಳ ಉಚ್ಚೆ ನೆಲದ ಪತ್ರಾವನ್ನು ತಿಂದುಹಾಕಿತ್ತು. ಡ್ರೈವರ್ ಸೀಟಿನ ಕೆಳಗೆ ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಗಾಡಿಯ ಭಾರವನ್ನೆಲ್ಲ ಹೊರುವ ಚಾಸಿಯಲ್ಲೂ ಒಂದು ಕಡೆ ತೂತು. ಬ್ರೇಕಿನ ಪೈಪು ಸೋರುತ್ತಿತ್ತು, ಮುಂದಿನ ಬಲಗಾಲಿಯ ಸ್ಪ್ರಿಂಗ್ ಪಾಟಾ ಮುರಿದಿತ್ತು. ಒಳಗೆ ತಲೆ ಹಾಕಿದರೆ ಹಸಿ ಉಣ್ಣೆಯ ವಾಸನೆ ಗಪ್ಪನೆ ಹೊಡೆಯುತ್ತಿತ್ತು.

ದಸರೆಯ ಬೆಳಿಗ್ಗೆ ಜೀಪು ಮನೆಯ ಮುಂದೆ ನಿಂತಿರಬೇಕು, ಅಪ್ಪನ ಗಾಡಿಗೆ ಪೂಜೆ ಆಗಬೇಕು ಅಂತ ಬೀರಪ್ಪನ ಹಟ. ಅಷ್ಟು ಬೇಗ ಆಗುವುದಿಲ್ಲ, ಹಬ್ಬ ಮುಗಿಸಿ ಒಯ್ಯಿ ಅಂತ ದಾದಾ ಹೇಳಿದ. ನಾನು ದಾದಾನ ಎದುರೇ ಬೀರಪ್ಪನ ಕೈ ಮೇಲೆ ಕೈ ಬಡಿದು ಮಾತು ಕೊಟ್ಟೆ. ಕೆಲಸ ಮುಗಿಯುತ್ತದೋ ಇಲ್ಲವೋ ಎಂದು ಯೋಚಿಸಲೂ ಇಲ್ಲ. ದಾದಾ ಇಲ್ಲ ಅಂದದ್ದನ್ನು ನಾನು ಹೌದು ಮಾಡಿ ತೋರಿಸಬೇಕಿತ್ತು, ಅಷ್ಟೇ.

ಕೆಲಸ ಮುಗಿಯಲಿಲ್ಲ. ಖಂಡೇನವಮಿ ಬಂದೇಬಿಟ್ಟಿತು.

ನಮ್ಮ ಕಡೆ ಖಂಡೇನವಮಿಯ ದಿನ ದುಡಿಯುವ ಸಾಮಾನಿಗೆಲ್ಲ ಬಿಡುವು. ನಟ್ ಬಿಚ್ಚುವ ಪಾನಾ, ಸುತ್ತಿಗೆ, ಜಾಕು, ವೆಲ್ಡಿಂಗ್ ಮಶೀನು ಎಲ್ಲವನ್ನೂ ಒರೆಸಿ ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕಾಯಿ ಒಡೆದರೆ ಮುಗಿಯಿತು. ಮರುದಿನ ದಸರೆಯ ಬನ್ನಿ ಕೊಟ್ಟು ತಗೊಂಡ ಮೇಲೆಯೇ ಅವನ್ನು ಮತ್ತೆ ಮುಟ್ಟುವುದು. ದಾದಾ ಪೂಜೆ ಮಾಡಿದ. ಸಂಜೆ ಮನೆಗೆ ಹೋಗಿ ಹೋಳಿಗೆ ಉಂಡೆವು. ಕೈ ತೊಳೆದವನೇ ನಾನು ಶೆಡ್ಡಿಗೆ ನಡಿ ಅಂದೆ.

"ಇವತ್ತ ಪಾನಾ ಎತ್ತೂದಿಲ್ಲ ಪರಸ್ಯಾ," ಅಂದ ದಾದಾ. "ಬೀರಪ್ಪಗ ನಾ ಫೋನ್ ಮಾಡತೀನಿ."

ಅದೇ ನನ್ನನ್ನು ಕೆರಳಿಸಿದ್ದು. ನಾನು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆಯಲು ಇವನು ಫೋನ್ ಮಾಡುತ್ತಾನಂತೆ! ವೈನಿ, ಅಂದರೆ ದಾದಾನ ಹೆಂಡತಿ, ತಾಟು ಎತ್ತುತ್ತಾ ಅಲ್ಲೇ ಇದ್ದರು. ಅವರ ಮುಂದೆಯೇ ಅಂದುಬಿಟ್ಟೆ.

"ಪಾನಾಕ್ಕ ಹೆದರಾವ ಮಿಸ್ತ್ರಿ ಹೆಂಗಾದಿ? ಕೈಗೆ ಬಳಿ ಹಾಕ್ಕೊಂಡ ಮನ್ಯಾಗ ಕುಂದರು."

ದಾದಾ ಎದ್ದ. ಅಂಗಿ ತೊಟ್ಟುಕೊಂಡು ಬಂದು ನನ್ನ ಬೈಕಿನ ಹಿಂದೆ ಕೂತ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಹಬ್ಬವೆಂದು ಅಕ್ಕಪಕ್ಕದ ಅಂಗಡಿಗಳೆಲ್ಲ ಮುಚ್ಚಿದ್ದವು. ಪೂಜೆಯ ಸಾಲಿನಿಂದ ಜಾಕು ಎತ್ತಿದ್ದು ನಾನೇ. ಅದರ ಕುಂಕುಮ ನನ್ನ ಅಂಗೈಗೆ ಹತ್ತಿತು. ಪ್ಯಾಂಟಿಗೆ ಒರೆಸಿಕೊಂಡೆ.

ನಮ್ಮ ಶೆಡ್ಡಿನಲ್ಲಿ ಒಂದು ನೇಮವಿತ್ತು. ದಾದಾನೇ ಮಾಡಿದ್ದು. ಗಾಡಿಯ ಕೆಳಗೆ ಹೋದವನು ತಾನೇ ಹೊರಗೆ ಬಂದು, ಎದ್ದು ನಿಂತು, ತನ್ನ ಬಾಯಿಂದ 'ಇಳಸು' ಅನ್ನಬೇಕು. ಮೇಲಿದ್ದವನು ಅವನನ್ನು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿದ ಮೇಲೆಯೇ ಜಾಕಿಗೆ ಕೈ ಹಾಕಬೇಕು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನಾವು ಅದನ್ನು ಮುರಿದಿರಲಿಲ್ಲ. ಆ ರಾತ್ರಿಯೂ ನಾನು ಮುರಿಯಲಿಲ್ಲ... ಇದನ್ನು ನೆನಪಿಡಿ.

ಬಲಗಾಲಿ ಬಿಚ್ಚಿ, ಜಾಕಿನ ಮೇಲೆ ಜೀಪು ಎತ್ತಿದೆವು. ಕೆಳಗೆ ಆಧಾರಕ್ಕೆ ಒಂದು ಮರದ ದಿಮ್ಮಿ ಕೊಟ್ಟೆವು. ನಾನು ಚಾಸಿಯ ಸತ್ತ ಭಾಗ ಕತ್ತರಿಸಿ ಹೊಸ ಪತ್ರಾ ಹಾಕಿದೆ, ಇಬ್ಬರೂ ಸೇರಿ ಹೊಸ ಪಾಟಾ ಕೂರಿಸಿದೆವು. ಕಿಡಿ ಬಿದ್ದು ಹೊತ್ತಿಕೊಂಡೀತು ಅಂತ ನಡುವೆ ದಿಮ್ಮಿಯನ್ನು ಪಕ್ಕಕ್ಕೆ ಸರಿಸಿದ್ದೆ. ಮತ್ತೆ ಇಡಲಿಲ್ಲ. ಅದು ನನ್ನ ತಪ್ಪು. ಅದರಲ್ಲಿ ಯಾವ ದೆವ್ವದ ಕೈಯೂ ಇಲ್ಲ.

ಕೊನೆಗೆ ಉಳಿದದ್ದು ಬ್ರೇಕಿನ ಪೈಪು. ದಾದಾ ಅಂಗಾತ ಮಲಗಿ ಜೀಪಿನ ಕೆಳಗೆ ಸರಿದ.

ಹನ್ನೆರಡರ ಸುಮಾರಿಗೆ ಕರೆಂಟ್ ಹೋಯಿತು. ಒಂದೇ ನಟ್ ಉಳಿದಿದೆ, ಬ್ಯಾಟರಿ ಕೊಡು ಅಂತ ಕೆಳಗಿನಿಂದ ದಾದಾ ಅಂದ. ಬೆರಳುದ್ದದ ಒಂದು ಸಣ್ಣ ಬ್ಯಾಟರಿ ಇತ್ತು, ಹೊತ್ತಿಸಿ ಕೊಟ್ಟೆ. ಎರಡೂ ಕೈಗೆ ಕೆಲಸವಿದ್ದಾಗ ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ನಾನು ಹಿಂಬಾಗಿಲಿನಿಂದ ಹೊರಗೆ ಹೋಗಿ ಉಚ್ಚೆ ಹೊಯ್ದು, ಒಂದು ಬೀಡಿ ಸೇದಿದೆ. ಎಲ್ಲೂ ನಾಯಿ ಕೂಡ ಬೊಗಳುತ್ತಿರಲಿಲ್ಲ.

ಒಳಗೆ ಬಂದಾಗ ಜೀಪಿನ ಕೆಳಗೆ ಬೆಳಕಿರಲಿಲ್ಲ.

ಮುಂಬಾಗಿಲಲ್ಲಿ ದಾದಾ ನಿಂತಿದ್ದ...

ನವಮಿಯ ಚಂದ್ರ ಇನ್ನೂ ಇದ್ದ. ಬೆಳದಿಂಗಳು ಅವನ ಬೆನ್ನ ಹಿಂದಿತ್ತು, ಮುಖ ಸರಿಯಾಗಿ ಕಾಣಲಿಲ್ಲ. ಆದರೆ ಹನ್ನೆರಡು ವರ್ಷ ಜೊತೆಗೆ ದುಡಿದವನಿಗೆ ಅಣ್ಣನ ಗುರುತು ಹಿಡಿಯಲು ಮುಖವೇ ಬೇಕೇ? ಅದೇ ಎತ್ತರ, ಅದೇ ವಾಲಿದ ಎಡಭುಜ. ಚಿಂದಿ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸುತ್ತಿದ್ದ. ಉಣ್ಣೆ ಸುಟ್ಟ ನಾತ ಬಂತು. ಜೀಪಿನ ಒಳಗಿನ ಉಣ್ಣೆಗೆ ಕಿಡಿ ತಾಗಿರಬೇಕು ಅಂದುಕೊಂಡೆ.

"ಆತು ಪರಸ್ಯಾ. ಇಳಸು."

ದಾದಾನದೇ ದನಿ. ಸಂಜೆಯಿಂದ ಬ್ಯಾಟರಿ ಕೇಳಿದ್ದು ಬಿಟ್ಟರೆ ನನ್ನೊಡನೆ ಮಾತಾಡದವನು ಈಗ ಬಾಯಿ ಬಿಟ್ಟದ್ದು ಹುಕುಂ ಕೊಡಲಿಕ್ಕೆ. ನಾನು ಜಾಕಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ.

ಟಕ್... ಟಕ್...

ಕಬ್ಬಿಣದ ಮೇಲೆ ಕಬ್ಬಿಣದ ಸದ್ದು. ಜೀಪಿನ ಅಡಿಯಿಂದ.

"ಏನ ಅದು?" ಅಂದೆ.

"ತುಕ್ಕ ಉದರಾಕತ್ತೈತಿ. ಇಳಸು."

ಟಕ್ ಟಕ್ ಟಕ್ ಟಕ್... ಸದ್ದು ಅವಸರವಾಯಿತು. ತುಕ್ಕು ಹಾಗೆ ಉದುರುವುದಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಗ್ಗಿ ನೋಡಲಿಲ್ಲ. ಅಣ್ಣ ಎದುರಿಗೇ ನಿಂತಿದ್ದಾನೆ, ಮತ್ತೇನು ನೋಡುವುದು? ಬಿಚ್ಚಿದ ಬಲಗಾಲಿ ಇನ್ನೂ ಹಾಕಿಲ್ಲ ಅನ್ನುವುದೂ ನನಗೆ ಹೊಳೆಯಲಿಲ್ಲ. ಜಾಕಿನ ಸ್ಕ್ರೂವನ್ನು ಮೆಲ್ಲಗೆ ಸಡಿಲಿಸಬೇಕು. ನಾನು ಸಿಟ್ಟಿನಲ್ಲಿ ಒಮ್ಮೆಲೇ ತಿರುಗಿಸಿದೆ.

ಎಣ್ಣೆ ಸುಯ್ಯೆಂದಿತು. ಜೀಪು ಕೂತಿತು. ಟಕ್ ಟಕ್ ನಿಂತಿತು.

ಆಮೇಲೆ ಒಂದು ಸದ್ದು ಬಂತು. ಮನುಷ್ಯರ ಬಾಯಿಂದ ಅಂಥದ್ದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಬರೀ ಬೆಳದಿಂಗಳು.

ಬಗ್ಗಿ ನೋಡಿದೆ. ಬ್ಯಾಟರಿ ದಾದಾನ ಬಾಯಿಯ ಪಕ್ಕ ಬಿದ್ದಿತ್ತು. ಅದು ಹೊತ್ತಿಯೇ ಇತ್ತು. ಕೈಯಲ್ಲಿ ಪಾನಾ. ಅವನ ಸೊಂಟದ ಮೇಲೆ ಚಾಸಿ ಕೂತಿತ್ತು, ನಾನು ಆಗಷ್ಟೇ ಹೊಸ ಪತ್ರಾ ಹಾಕಿ ಗಟ್ಟಿ ಮಾಡಿದ ಜಾಗವೇ. ತುಕ್ಕು ತಿಂದ ಹಳೇದಾಗಿದ್ದರೆ ಮುರಿದು ಸ್ವಲ್ಪವಾದರೂ ಭಾರ ತಗ್ಗುತ್ತಿತ್ತೇನೋ. ನನ್ನ ಕೆಲಸ ಒಂದು ನೂಲಿನಷ್ಟೂ ಬಾಗಿರಲಿಲ್ಲ.

ಜಾಕು ಇಳಿಯಲು ಒಂದು ಉಸಿರು ಸಾಕು. ಏರಿಸಬೇಕಾದರೆ ಹಿಡಿಕೆಯನ್ನು ಒಂದೊಂದೇ ಸಲ ಒತ್ತಬೇಕು. ಒತ್ತಿದೆ, ಒತ್ತಿದೆ, ಒತ್ತಿದೆ. ಒಂದು ಒತ್ತಿಗೆ ಕೂದಲೆಳೆಯಷ್ಟು ಏರುತ್ತಿತ್ತು. ಪ್ರತಿ ಒತ್ತಿಗೂ ದಾದಾ ನರಳುತ್ತಿದ್ದ. ಅವನಿಗೆ ಎಚ್ಚರ ತಪ್ಪಿರಲಿಲ್ಲ. ಪೂರಾ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದ. ಇವನ ಎಚ್ಚರ ತಪ್ಪಿಸಿಬಿಡು ದೇವರೇ ಅಂತ ನಾನು ಬೇಡಿಕೊಂಡೆ. ಅವನ ನೋವಿಗೆ ಮರುಗಿ ಬೇಡಿಕೊಂಡದ್ದಲ್ಲ, ಆ ನೋಟ ತಡೆಯಲಾಗದೆ.

ಅವನನ್ನು ಹೊರಗೆ ಎಳೆದು, ರಸ್ತೆಗೆ ಓಡಿ ಹೋಗಿ ಒಂದು ಹಾಲಿನ ಗಾಡಿಗೆ ಅಡ್ಡ ಬಿದ್ದೆ. ಡ್ರೈವರ್ ಇಳಿದು ಬಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ನಾನು ಅವನ ಕೈ ಹಿಡಿದು ಶೆಡ್ಡಿನೊಳಗೆ ಎಳೆದೊಯ್ದೆ. ಕ್ಯಾನುಗಳ ನಡುವೆ ದಾದಾನನ್ನು ಮಲಗಿಸಿ ಮಿರಜದ ಆಸ್ಪತ್ರೆಗೆ ಒಯ್ದೆವು. ಬೆಳಗಾಗುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಜೀವ ಉಳಿದಿದೆ, ಕಾಲು ಮರೆತುಬಿಡಿ ಅಂದರು.

ಅವತ್ತು ದಸರೆ. ನೋಡಲು ಬಂದವರ ಕೈಯಲ್ಲಿ ಬನ್ನಿ ಎಲೆ ಇರುತ್ತಿತ್ತು. ಮಂಚದ ಹತ್ತಿರ ಬಂದು, ಬಂಗಾರದಂತೆ ಇರೋಣ ಎನ್ನುವ ಮಾತು ಬಾಯಿಗೆ ಬಂದು, ನುಂಗಿಕೊಂಡು ಹೋಗುತ್ತಿದ್ದರು. ದಾದಾ ಎಲ್ಲರಿಗೂ ಜಾಕು ಕೈಕೊಟ್ಟಿತು ಅಂತಲೇ ಹೇಳಿದ. ಪೊಲೀಸರಿಗೂ ಅದನ್ನೇ ಬರೆಸಿದ. ಬೀರಪ್ಪ ಮೂಲೆಯಲ್ಲಿ ನಿಂತು ಅತ್ತ. ನನ್ನನ್ನು ದಾದಾ ಬಯ್ಯಲಿಲ್ಲ, ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಶೆಡ್ ಮುಚ್ಚಿದೆ. ಮನೆಯಲ್ಲಿ ದಾದಾನನ್ನು ಎತ್ತುವುದು, ಸ್ನಾನಕ್ಕೆ ಕೂರಿಸುವುದು, ಮಗ್ಗುಲು ತಿರುಗಿಸುವುದು ನನ್ನ ಕೆಲಸವಾಯಿತು. ಐದು ತಿಂಗಳು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ವೈನಿ ಬಾವಿಗೆ ಹೋದಾಗ ಅವನ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ದಾದಾ, ನೇಮ ಮುರಿಯಲಿಲ್ಲ, ನೀನೇ ಬಾಗಿಲಲ್ಲಿ ನಿಂತಿದ್ದೆ, ನೀನೇ ಹೇಳಿದ್ದೆ ಅಂದೆ. ನಂಬುವುದಿಲ್ಲ, ಮುಖಕ್ಕೆ ಉಗುಳುತ್ತಾನೆ ಅಂದುಕೊಂಡಿದ್ದೆ.

ಅವನು ಉಗುಳಲಿಲ್ಲ.

"ಗಾಡಿ ಕೆಳಗ ಮಲಗಿದಾವಗ ಕಾಲಷ್ಟ ಕಾಣತಾವ," ಅಂದ. "ಬಾಯಾಗ ಬ್ಯಾಟರಿ ಇತ್ತು, ಪಾನಾಲೆ ಬಡದ್ನಿ. ಬಾಗಲದಾಗ ಯಾರೂ ಇರಲಿಲ್ಲ. ಜಾಕಿನ ಹತ್ತರ ನಿನ್ನವು ಎರಡ ಕಾಲ ಇದ್ವು. ಅಷ್ಟ."

"ದನಿ? ದನಿ ಕೇಳಲಿಲ್ಲೇನ ನಿನಗ?"

"ಕೇಳೀನಿ. ನಂದ ದನಿ." ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡ. "ಏನ ಅದು ಅಂತ ನಿನ್ನ ದನಿಲೆ ನೀ ಕೇಳಿದಿ. ತುಕ್ಕ ಉದರಾಕತ್ತೈತಿ ಅಂತ ನನ್ನ ದನಿಲೆ ನೀನ ಹೇಳಿದಿ. ಎರಡೂ ನಿನ್ನ ಕಾಲಿನ ಮ್ಯಾಲಿಂದನ ಬಂದ್ವು ಪರಸ್ಯಾ."

ಹಾಗಿದ್ದರೆ ಪೊಲೀಸರಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನಿನ್ನನ್ನು ಹಿಡಿದುಕೊಂಡು ಹೋದರೆ ನನ್ನನ್ನು ಎತ್ತುವವರು ಯಾರು ಅಂದ. ಅಷ್ಟು ಹೇಳಿ ಮುಖ ಗೋಡೆಗೆ ತಿರುಗಿಸಿದ. ಮೈ ತಿರುಗಿಸಲು ನಾನೇ ಬೇಕಿತ್ತು, ಅವನು ಕರೆಯಲಿಲ್ಲ.

ಅವತ್ತಿನಿಂದ ವೈನಿ ರಾತ್ರಿ ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಳ್ಳತೊಡಗಿದರು. ದಾದಾ ಹೇಳಿರಬೇಕು. ನಾನು ಹೊರಗಿನ ಪಡಸಾಲೆಯಲ್ಲಿ ಮಲಗುತ್ತಿದ್ದೆ. ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ವೈನಿ ಚಹಾದ ಕಪ್ಪನ್ನು ದೂರದಿಂದಲೇ ನೆಲದ ಮೇಲಿಟ್ಟರು. ನನ್ನ ಮುಖ ನೋಡದೆ ಕೇಳಿದರು.

"ಭಾವಜಿ, ರಾತ್ರಿ ನಮ್ಮ ಬಾಗಲಾ ಬಡದವರು ನೀವೇನ್ರಿ?"

ಇಲ್ಲ ವೈನಿ, ನಾನು ಮಲಗಿದವನು ಈಗಲೇ ಎದ್ದದ್ದು ಅಂದೆ. ಅದು ನಿಜ. ನನಗೆ ಗೊತ್ತಿರುವಷ್ಟು ನಿಜ.

"ಇವರ ದನಿ ಇತ್ರಿ. ಚಿಲಕಾ ತಗಿ, ನಾ ಹೊರಗ ಅದೀನಿ ಅಂತು. ನಾ ಏಳಾಕ ಹೋದ್ನಿ. ಇವರು ನನ್ನ ಬಾಜೂಕ ಮಲಗಿದವರು ನನ್ನ ಬಾಯಿ ಗಟ್ಟಿ ಒತ್ತಿ ಹಿಡದ್ರು."

ಚಹಾ ಹಾಗೇ ಬಿಟ್ಟು ಅವತ್ತೇ ಸಾಂಗಲಿಗೆ ಬಂದೆ. ಇಲ್ಲಿ ಕಿಟಕಿಯ ಗ್ರಿಲ್ ವೆಲ್ಡಿಂಗ್ ಮಾಡುತ್ತೇನೆ, ಒಂದು ಕೋಣೆಯಲ್ಲಿ ಒಬ್ಬನೇ ಇರುತ್ತೇನೆ. ದಿನ ಬಿಟ್ಟು ದಿನ ಬೆಳಿಗ್ಗೆ ಆರಗಕ್ಕೆ ಹೋಗಿ ದಾದಾನಿಗೆ ಸ್ನಾನ ಮಾಡಿಸಿ, ಹೊತ್ತು ಮುಳುಗುವ ಮೊದಲೇ ವಾಪಸು ಬಸ್ ಹತ್ತುತ್ತೇನೆ. ಎಷ್ಟೇ ಮಳೆ ಬರಲಿ, ಅಲ್ಲಿ ರಾತ್ರಿ ಉಳಿಯುವುದಿಲ್ಲ.

ಮಲಗುವಾಗ ಬಾಯಿಗೆ ಟವೆಲ್ ಬಿಗಿದು, ಕುತ್ತಿಗೆಯ ಹಿಂದೆ ಎರಡು ಗಂಟು ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಕೆಲವು ದಿನ ಅದು ಕಟ್ಟಿದ ಹಾಗೇ ಇರುತ್ತದೆ. ಕೆಲವು ದಿನ ಯಾರೋ ನಿಧಾನವಾಗಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ತಲೆದಿಂಬಿನ ಪಕ್ಕ ಇಟ್ಟಿರುತ್ತಾರೆ.