ಕಂಬಳಿ ಹೊದ್ದ ಲ್ಯಾಪ್‌ಟಾಪ್

ಈಗ ನನಗೆ ಎಷ್ಟು ಸಂತೋಷವೆಂದರೆ ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ. ಮೊನ್ನೆ ಹೊಳಲ್ಕೆರೆ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದೆ. ಅವನು ಟಿಕೆಟ್ ಹರಿಯುವುದನ್ನು ಬಿಟ್ಟು ಕೇಳಿದ. ಆದರೆ ಬರೆಯಲು ಕೂತರೆ ಕೈಗೆ ಬರುವುದು ಸಂತೋಷವಲ್ಲ, ಅದಕ್ಕೆ ಮೊದಲು ಪಟ್ಟ ಹೆದರಿಕೆ. ನಾನು ಓದಿದ್ದು ಮೂರನೇ ಕ್ಲಾಸು. ಉಳಿದ ಆಯುಸ್ಸೆಲ್ಲ ಕುರಿಗಳ ಹಿಂದೆ. ಚಿರತೆ ಮಂದೆಗೆ ಬಿದ್ದಾಗ ಕೋಲು ಹಿಡಿದು ನಿಂತವನು ನಾನು. ಒಂದು ಕಂಪ್ಯೂಟರಿಗೆ ಹೆದರಿದಷ್ಟು ಆ ಚಿರತೆಗೆ ಹೆದರಲಿಲ್ಲ.

ನನ್ನ ಮೊಮ್ಮಗಳು ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಮನೆ ಕಟ್ಟುವ ವಿದ್ಯೆ, ಸಿವಿಲ್ ಅಂತಾರೆ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ದಿನಾ ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಕೊನೆಯ ವರ್ಷ ಬಂದಾಗ ನಕ್ಷೆಗಳನ್ನೆಲ್ಲ ಕಂಪ್ಯೂಟರಿನಲ್ಲೇ ಬರೆದು ಕೊಡಬೇಕು ಎಂದರಂತೆ. ಕಾಲೇಜಿನ ಕಂಪ್ಯೂಟರ್ ಮುಂದೆ ಇವಳ ಸರದಿ ಬರುವಷ್ಟರಲ್ಲಿ ನಮ್ಮೂರ ಬಸ್ಸಿನ ಹೊತ್ತಾಗಿಬಿಡುತ್ತಿತ್ತು. ಮನೆಯಲ್ಲೇ ಒಂದು ಬೇಕಾಯಿತು.

ಅದೇ ಹೊತ್ತಿಗೆ ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಜನ, ಕುರಿ, ತೆಂಗು ಎಲ್ಲ ಇರುವವರು. ನನ್ನ ಮಗ ಒಂದು ದಿನ ಊಟಕ್ಕೆ ಕೂತಾಗ ತೀರ್ಮಾನ ಹೇಳಿದ: ಈ ವರ್ಷ ಪಾಸಾದರೆ ಅವಳು ಮುಂದಕ್ಕೆ ಓದಲಿ, ಒಂದು ವಿಷಯ ಉಳಿಸಿಕೊಂಡರೂ ಹೊಸದುರ್ಗದವರಿಗೆ ಮಾತು ಕೊಟ್ಟುಬಿಡುತ್ತೇನೆ. ಅವನು ಕೆಟ್ಟವನಲ್ಲ. ಮಗಳು ಬಸ್ಸು ಇಳಿಯುವುದು ಸ್ವಲ್ಪ ತಡವಾದರೂ ರಸ್ತೆಗೆ ಹೋಗಿ ನಿಲ್ಲುವವನು. ಆದರೆ ಒಮ್ಮೆ ಹೇಳಿದರೆ ಆಯಿತು. ಮೊಮ್ಮಗಳು ಕೈ ತೊಳೆದು ಎದ್ದಳು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ಎಂಥ ಕಂಪ್ಯೂಟರ್ ತರಬೇಕು ಎಂಬ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಅದಕ್ಕೆ ಕಾರಣವಿದೆ. ಟಗರು ಆರಿಸುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಸುತ್ತಮುತ್ತ ಹೆಸರಿದೆ. ಭರಮಸಾಗರದಿಂದ, ಭೀಮಸಮುದ್ರದಿಂದ ಬಂದು ಕರೆದುಕೊಂಡು ಹೋಗುತ್ತಾರೆ. ಹಲ್ಲು ನೋಡಿ, ಸೊಂಟ ಒತ್ತಿ, ನಾಲ್ಕು ಹೆಜ್ಜೆ ನಡೆಸಿ ಹೇಳಿದರೆ ತಪ್ಪಿದ್ದು ಕಡಿಮೆ. ಇದನ್ನೂ ನೀನೇ ಆರಿಸು ಎಂದ ಮಗ. ನನಗೆ ಕೈಕಾಲು ತಣ್ಣಗಾಯಿತು. ಟಗರು ತಪ್ಪಿದರೆ ಒಂದು ವರ್ಷದ ಮರಿ ಹೋಗುತ್ತವೆ. ಇಲ್ಲಿ ತಪ್ಪಿದರೆ ಹುಡುಗಿಯ ಓದೇ ನಿಂತುಹೋಗುತ್ತದೆ.

ಮಗನಿಗೆ ಬೇಕಾಗಿದ್ದು ಡೆಸ್ಕ್‌ಟಾಪು. ದೊಡ್ಡದು, ಮೇಜಿನ ಮೇಲೆ ಇಟ್ಟರೆ ಇಟ್ಟಲ್ಲೇ ಇರುತ್ತದೆ, ಕಳುವಾಗುವುದಿಲ್ಲ, ಮಗಳೂ ಅದರ ಮುಂದೆ ಮನೆಯಲ್ಲೇ ಇರುತ್ತಾಳೆ. ಮೊಮ್ಮಗಳಿಗೆ ಬೇಕಾಗಿದ್ದು ಲ್ಯಾಪ್‌ಟಾಪು. ನಮ್ಮೂರ ಕರೆಂಟನ್ನು ನಂಬಿ ಡೆಸ್ಕ್‌ಟಾಪ್ ಇಟ್ಟರೆ ಬರೆದದ್ದೆಲ್ಲ ಆರಿಹೋಗುತ್ತದೆ, ಯುಪಿಎಸ್ ಹಾಕಿದರೂ ಅದು ಹಿಡಿಯುವುದು ಸ್ವಲ್ಪ ಹೊತ್ತು ಮಾತ್ರ ಎಂದಳು. ಇಬ್ಬರದೂ ಸರಿ ಅನ್ನಿಸಿತು, ಅದೇ ಹೆದರಿಕೆ. ಡೆಸ್ಕ್‌ಟಾಪ್ ಅಂದರೆ ಸಿಡಿಲು ಕಣ್ಣಿಗೆ ಬರುತ್ತಿತ್ತು, ವೈರು ಕಡಿಯುವ ಇಲಿ ಬರುತ್ತಿತ್ತು. ಲ್ಯಾಪ್‌ಟಾಪ್ ಅಂದರೆ ಬಸ್ಸಿನ ನೂಕುನುಗ್ಗಲು, ಕಳ್ಳರ ಕೈ, ಕಲ್ಲಿನ ಮೆಟ್ಟಿಲು. ಒಂದು ವಾರ ಅವೇ ಕಣ್ಣೆದುರು ಕುಣಿದವು.

ಚಿತ್ರದುರ್ಗದ ಅಂಗಡಿಗೆ ಮೂವರೂ ಹೋದೆವು. ಅಂಗಡಿಯವನು ನಗುಮುಖದ ಹುಡುಗ, ಎರಡನ್ನೂ ಅಕ್ಕಪಕ್ಕ ಇಟ್ಟು ಚಾಲೂ ಮಾಡಿ ತೋರಿಸಿದ. ನಾನು ಲ್ಯಾಪ್‌ಟಾಪಿನ ಬಾಯಿ ಇನ್ನೂ ಸ್ವಲ್ಪ ಅಗಲಿಸಿ ಅಕ್ಷರದ ಗುಂಡಿಗಳನ್ನು ಸಾಲಾಗಿ ನೋಡಿದೆ. ಮೊಮ್ಮಗಳು ನನ್ನ ತೋಳು ಎಳೆದಳು.

“ಅಜ್ಜ, ಹಲ್ಲು ಎಣಿಸ್ತಿದಿಯಾ?”

“ಎಣಿಸ್ಲಿ ಬಿಡಮ್ಮ. ಯಜಮಾನ್ರೆ, ಎಲ್ಲಾ ಹಲ್ಲೂ ಅವೆ, ನೋಡ್ಕಳ್ರಿ” ಎಂದ ಅಂಗಡಿಯವನು.

ಆಮೇಲೆ ಎತ್ತಿ ತೂಗಿ ನೋಡಿದೆ. ಹೊಟ್ಟೆಯ ಕೆಳಗೆ ಕೈ ಕೊಟ್ಟೆ. ಬೆಚ್ಚಗಿತ್ತು. ಆಗ ತಾನೇ ಹುಟ್ಟಿದ ಮರಿಯ ಹೊಟ್ಟೆ ಹೇಗೆ ಬೆಚ್ಚಗಿರುತ್ತದೋ ಹಾಗೆ. ಡೆಸ್ಕ್‌ಟಾಪಿನ ಡಬ್ಬದ ಮೇಲೆ ಕೈ ಇಟ್ಟೆ, ತಗಡು ತಣ್ಣಗಿತ್ತು. ನಮ್ಮ ಕಸುಬಿನಲ್ಲಿ ತಣ್ಣಗಿರುವುದೆಂದರೆ ಕೈಬಿಟ್ಟು ಹೋಗುವುದು. ಮೂಡಲ ಗಾಳಿಯಲ್ಲಿ ಈದ ಕುರಿಯ ಮರಿ ತಣ್ಣಗಾಯಿತೋ, ಮುಗಿಯಿತು. ಅದನ್ನು ಕಂಬಳಿಯೊಳಗೆ ಎದೆಗೆ ಅವುಚಿಕೊಂಡು ಬೆಚ್ಚಗೆ ಮಾಡಿದರೆ ಉಳಿಯುತ್ತದೆ. ಹಾಗೆ ಎಷ್ಟು ಮರಿ ಉಳಿಸಿದ್ದೇನೋ ಲೆಕ್ಕವಿಲ್ಲ.

ಇದೇ ಇರಲಿ ಎಂದು ಲ್ಯಾಪ್‌ಟಾಪ್ ತೋರಿಸಿದೆ. ಮಗ ಯಾಕೆ ಎಂದು ಕೇಳಿದ. ಬೆಚ್ಚಗಿತ್ತು ಎಂದು ಹೇಳಲು ನಾಚಿಕೆಯಾಯಿತು. ಮೇವು ಇದ್ದ ಕಡೆ ಎದ್ದು ಹೋಗುವ ಜನ ನಾವು, ಕರೆದರೆ ಎದ್ದು ಬಾರದ ಸಾಮಾನು ನಮಗೆ ಯಾಕೆ ಎಂದೆ. ಮಗ ದುಡ್ಡು ಎಣಿಸಿ ಕೊಟ್ಟ. ಆದರೆ ಅಂಗಡಿಯಿಂದ ಹೊರಗೆ ಬರುವಾಗ ಅವನು ಹೇಳಿದ ಮಾತು ನನ್ನ ಎದೆಯಲ್ಲೇ ಕೂತಿತು.

“ಸರಿ ಅಪ್ಪಾ. ಆರಿಸಿದೋನು ನೀನು. ನಾಳೆ ಏನಾದ್ರೂ ಆದ್ರೆ ನನ್ನ ಕೇಳಬೇಡ.”

ಅಂದಿನಿಂದ ಅದನ್ನು ಕಾಯುವುದೇ ನನ್ನ ಕೆಲಸವಾಯಿತು. ಮೊಮ್ಮಗಳು ಕಾಲೇಜಿಗೆ ಒಯ್ಯುವ ದಿನ ಬಸ್ಸಿನವರೆಗೆ ನಾನೇ ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೋಗುತ್ತಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿರುತ್ತಿದ್ದೆ. ಸಂಜೆ ಅವಳು ಇಳಿದಾಗ ನಾನು ಮೊದಲು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಚೀಲವನ್ನು. ಸೊಸೆ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಕೊನೆಯ ನಕ್ಷೆಗಾಗಿ, ಈಗಾಗಲೇ ಇರುವ ಕಟ್ಟಡವೊಂದನ್ನು ಅಳೆದು ಬರೆಯಬೇಕಿತ್ತು. ಉಳಿದ ಮಕ್ಕಳು ಬ್ಯಾಂಕು, ಶಾಲೆ ಆರಿಸಿಕೊಂಡರಂತೆ. ಇವಳು ನಾವು ಕುರಿ ಕೂಡುವ ರೊಪ್ಪವನ್ನು ಆರಿಸಿಕೊಂಡಳು. ನನ್ನ ಅಪ್ಪ ಕಲ್ಲಿನಲ್ಲಿ ಕಟ್ಟಿದ ರೊಪ್ಪ ಅದು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು. ಹಿಕ್ಕೆಯ ನಡುವೆ ನಿಂತು ಅವಳು ಅಳತೆ ಬರೆದುಕೊಳ್ಳುವುದನ್ನು ಹೆಮ್ಮೆಯಿಂದ ನೋಡುತ್ತಾ ನಿಂತೆ.

ನಕ್ಷೆ ಕಳಿಸಬೇಕಾದ ದಿನ ಬಂತು. ಸಾಯಂಕಾಲ ನಾಲ್ಕು ಗಂಟೆಯೊಳಗೆ ಹೋಗಬೇಕು, ಆಮೇಲೆ ತೆಗೆದುಕೊಳ್ಳುವುದಿಲ್ಲ. ಪುಷ್ಯಮಾಸದ ಚಳಿ, ಬೆಳಗ್ಗೆಯಿಂದ ಗಾಳಿ ಬೀಸುತ್ತಿತ್ತು. ಅವಳು ಜಗುಲಿಯಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಏನೋ ಒತ್ತಿದಳು. ಲ್ಯಾಪ್‌ಟಾಪೇ ನಕ್ಷೆಗೆ ಬಣ್ಣ, ನೆರಳು ತುಂಬುತ್ತದೆ, ಒಂದು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ನೀರು ತಂದು ಸ್ನಾನ ಮಾಡಿ ಬರುತ್ತೇನೆ, ನೋಡಿಕೊಂಡಿರು ಎಂದಳು. ಮಗ ಕುರಿ ಹೊಡೆದುಕೊಂಡು ಹೋಗಿದ್ದ.

ನಾನು ಪಕ್ಕದಲ್ಲೇ ಕೂತೆ. ಗಾಳಿ ನೇರ ಅದರ ಬೆನ್ನಿಗೆ ಹೊಡೆಯುತ್ತಿತ್ತು. ಬೆನ್ನು ಮುಟ್ಟಿದೆ. ತಣ್ಣಗಿತ್ತು. ಹೆಗಲ ಮೇಲಿದ್ದ ಕಂಬಳಿ ತೆಗೆದು, ಮುಖವೊಂದನ್ನು ಬಿಟ್ಟು ಸುತ್ತಲೂ ಹೊದಿಸಿದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಸುಂಯ್ ಎಂದು ಸದ್ದು ಶುರುವಾಯಿತು. ಬರಬರುತ್ತಾ ಜೋರಾಯಿತು. ಆ ಸದ್ದು ನನಗೆ ಗೊತ್ತು. ಎದೆಗೆ ಶೀತ ಹಿಡಿದ ಮರಿ ಉಸಿರೆಳೆಯುವುದು ಹಾಗೆಯೇ. ಇನ್ನೂ ಬೆಚ್ಚಗೆ ಮಾಡಬೇಕು ಎಂದುಕೊಂಡೆ. ಒಳಗಿನಿಂದ ಕೌದಿ ತಂದು ಎರಡು ಮಡಿಕೆ ಮಾಡಿ ಕಂಬಳಿಯ ಮೇಲೆ ಹೊದಿಸಿದೆ, ಎರಡು ಕಡೆಯೂ ಒತ್ತಿ ಹಿಡಿದುಕೊಂಡೆ. ಸದ್ದು ಇನ್ನಷ್ಟು ಏರಿತು. ಆಮೇಲೆ ಒಮ್ಮೆಲೆ ನಿಂತಿತು. ಸದ್ಯ, ಸುಧಾರಿಸಿಕೊಂಡಿತು ಎಂದು ಉಸಿರು ಬಿಟ್ಟೆ. ಮುಂದಕ್ಕೆ ಬಗ್ಗಿ ನೋಡಿದರೆ ಅದರ ಮುಖ ಕಪ್ಪಾಗಿತ್ತು.

ಮೊಮ್ಮಗಳು ಒದ್ದೆ ಕೂದಲಲ್ಲೇ ಬಂದಳು. ಕೌದಿ ನೋಡಿದಳು, ಕಂಬಳಿ ನೋಡಿದಳು. ಎರಡನ್ನೂ ಕಿತ್ತು ಎಸೆದು ಅದನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಕಾದ ಹೆಂಚಿನ ಹಾಗಿತ್ತು. ಗುಂಡಿ ಒತ್ತಿದಳು. ಏನೂ ಆಗಲಿಲ್ಲ.

ಆ ಗಳಿಗೆಯನ್ನು ನಾನು ಹೇಗೆ ಬರೆಯಲಿ. ಹೊಸದುರ್ಗದವರ ಮನೆ, ಅಲ್ಲಿನ ಒಲೆಯ ಮುಂದೆ ಇವಳು, ಮಗ ಅಂಗಡಿಯ ಬಾಗಿಲಲ್ಲಿ ಹೇಳಿದ ಮಾತು, ಎಲ್ಲ ಒಟ್ಟಿಗೆ ಬಂದವು. ಉಸಿರಿಗೆ ಕಷ್ಟಪಡ್ತಿತ್ತು, ಅದಕ್ಕೇ ಹೊದಿಸಿದೆ ಎಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು.

ಅದನ್ನು ಎತ್ತಿಕೊಂಡು ಹೋಗಿ ಬೇವಿನ ಮರದ ನೆರಳಲ್ಲಿದ್ದ ಒರಳುಕಲ್ಲಿನ ಮೇಲೆ ಅಡ್ಡ ನಿಲ್ಲಿಸಿದಳು. ಗಾಳಿ ಎರಡೂ ಕಡೆಯಿಂದ ತಾಗುವ ಹಾಗೆ ತಿರುಗಿಸಿದಳು. ಆಮೇಲೆ ನನ್ನ ಪಕ್ಕ ಬಂದು ಕೂತಳು.

“ಅಜ್ಜ, ಮರಿ ತಣ್ಣಗಾದ್ರೆ ಬೆಚ್ಚಗೆ ಮಾಡ್ಬೇಕು. ಇದು ಕಾದ್ರೆ ತಣ್ಣಗೆ ಮಾಡ್ಬೇಕು. ಇದು ಉಲ್ಟಾ ಮರಿ.”

“ಉಳಿಯುತ್ತಾ ತಾಯಿ?”

“ಗೊತ್ತಿಲ್ಲ. ಕೂತ್ಕ.”

ಕೂತೆ. ಎಷ್ಟು ಹೊತ್ತೋ. ಅವಳು ಆಗಾಗ ಎದ್ದು ಹೋಗಿ ಮುಟ್ಟಿ ನೋಡುವಳು, ತಲೆ ಅಲ್ಲಾಡಿಸಿ ಬರುವಳು. ಜೀವಮಾನದಲ್ಲಿ ಮೊದಲ ಸಲ, ಒಂದು ಜೀವ ತಣ್ಣಗಾಗಲಿ ಎಂದು ದೇವರಿಗೆ ಕೈ ಮುಗಿದೆ. ಕೊನೆಗೆ ಅವಳು ಗುಂಡಿ ಒತ್ತಿದಳು. ಸಣ್ಣ ಬೆಳಕು ಹತ್ತಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅವಳಿಗೆ ಕಾಣದ ಹಾಗೆ ಟವೆಲಿನಿಂದ ಒರೆಸಿಕೊಂಡೆ.

ನಕ್ಷೆ ಇತ್ತು, ಆದರೆ ಬೆಳಗ್ಗೆ ಮಾಡಿದ ಕೆಲಸ ಹೋಗಿತ್ತು. ಬಾಗಿಲು, ಮೇವು ಹಾಕುವ ಗೋದಲಿ, ಮರಿಗಳ ಗೂಡು ಮತ್ತೆ ಹಾಕಬೇಕಾಯಿತು. ಅವಳು ಹಾಕುತ್ತಾ ಹೋದಳು, ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಗೆರೆಗಳು ಮೊದಲು ಏನೂ ಅನ್ನಿಸಲಿಲ್ಲ. ಇದು ಯಾವ ಕಡೆ, ಅದು ಯಾವ ಕಡೆ ಎಂದು ಕೇಳಿ ಕೇಳಿ ತಿಳಿದುಕೊಂಡೆ. ತಿಳಿದ ಮೇಲೆ ಒಂದು ತಪ್ಪು ಕಂಡಿತು. ಮರಿಗೂಡಿನ ಬಾಯಿಯನ್ನು ಅವಳು ಮೂಡಲಿಗೆ ಇಟ್ಟಿದ್ದಳು. ನಮ್ಮದು ಪಡುವಲಿಗಿದೆ, ಈ ಚಳಿಗಾಳಿ ಮರಿಗೆ ತಾಗದಿರಲಿ ಎಂದೇ ನನ್ನ ಅಪ್ಪ ಹಾಗೆ ಇಟ್ಟದ್ದು. ಹೇಳಿದೆ. ನಮ್ಮ ಮೇಷ್ಟ್ರಿಗೆ ಅದೆಲ್ಲ ಗೊತ್ತಾಗಲ್ಲ ಬಿಡು ಎಂದಳು, ಅವಸರದಲ್ಲಿ.

“ಮೇಷ್ಟ್ರಿಗೆ ಗೊತ್ತಾಗಲ್ಲ. ಮರಿಗೆ ಗೊತ್ತಾಗುತ್ತೆ.”

ಅವಳು ನನ್ನ ಮುಖ ನೋಡಿದಳು. ತನ್ನ ಅಳತೆಯ ಪುಸ್ತಕ ತೆಗೆದು ನೋಡಿ ಬಾಯಿಯನ್ನು ಪಡುವಲಿಗೆ ತಿರುಗಿಸಿದಳು. ಆ ಹೆದರಿಕೆಯ ನಡುವೆಯೂ ನನಗೆ ಒಳಗೊಳಗೇ ನಗು ಬಂತು. ಮೂರನೇ ಕ್ಲಾಸಿನವನು ಕಂಪ್ಯೂಟರಿನ ತಪ್ಪು ಹಿಡಿದೆನಲ್ಲ ಎಂದು.

ಮತ್ತೆ ಬಣ್ಣ, ನೆರಳು ತುಂಬಿ ಮುಗಿಯುವ ಹೊತ್ತಿಗೆ ಮೂರು ಗಂಟೆ ದಾಟಿತ್ತು, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಆರಲಿಲ್ಲ. ಆದರೆ ಕರೆಂಟಿನ ಜೊತೆ ನಮ್ಮೂರಲ್ಲಿ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಅದು ಸಿಗಬೇಕಾದರೆ ಊರ ಹಿಂದಿನ ಬಂಡೆ ಹತ್ತಬೇಕು. ಅವಳು ಫೋನ್ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹೋಗಾಣ ಬಾ ಅಜ್ಜ.”

ನಾನು ಅಭ್ಯಾಸದ ಬಲದಿಂದ ಕಂಬಳಿಗೆ ಕೈ ಹಾಕಿದೆ. ಅವಳು ಬೇಡ ಎಂದಳು. ಬರಿಗೈಯಲ್ಲಿ ಎದೆಗೆ ಅವುಚಿಕೊಂಡು ಹತ್ತಿದೆ. ಹುಡುಗನಾಗಿದ್ದಾಗಿಂದ ಹತ್ತಿದ ಬಂಡೆ, ಕಣ್ಣು ಮುಚ್ಚಿಯೂ ಹತ್ತಬಲ್ಲೆ. ಅಂದು ಮಾತ್ರ ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಇಟ್ಟೆ. ನಾನು ಜಾರಿದರೆ ಅಡ್ಡಿಯಿಲ್ಲ, ಇದು ಜಾರಬಾರದು ಎಂದು ಮೊಣಕೈ ಕಲ್ಲಿಗೆ ಉಜ್ಜಿಕೊಂಡು ಹತ್ತಿದೆ. ಚರ್ಮ ಕಿತ್ತದ್ದು ಮೇಲೆ ಹೋದ ಮೇಲೆ ಗೊತ್ತಾಯಿತು. ಅವಳು ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಫೋನಿನಿಂದ ನೆಟ್ ಕೊಟ್ಟು ಕಳಿಸತೊಡಗಿದಳು. ತೆರೆಯ ಮೇಲೆ ಒಂದು ಸಣ್ಣ ಚಕ್ರ ತಿರುಗಿತು, ತಿರುಗಿತು. ನಾನು ಗಾಳಿಗೆ ಬೆನ್ನು ಕೊಟ್ಟು ಕೂತಿದ್ದೆ. ಹೋಯ್ತು ಅಜ್ಜ, ಎಂದಳು ಮೆಲ್ಲಗೆ. ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಇಳಿಯುವಾಗ ನನ್ನ ಕೈ ಅವಳೇ ಹಿಡಿದುಕೊಂಡಳು.

ಮಗನಿಗೆ ಆ ದಿನದ ಸಂಗತಿ ಹೇಳಲಿಲ್ಲ. ಫಲಿತಾಂಶ ಬರುವವರೆಗೆ ನಾನು ಸರಿಯಾಗಿ ಉಂಡಿದ್ದಿಲ್ಲ. ಹೊಸದುರ್ಗದ ಕಡೆಯಿಂದ ಫೋನ್ ಬಂದಾಗಲೆಲ್ಲ ಎದ್ದು ರೊಪ್ಪಕ್ಕೆ ಹೋಗಿ ಕೂತುಬಿಡುತ್ತಿದ್ದೆ.

ಕಳೆದ ವಾರ ಅದೇ ಮಂಚದ ಮೇಲೆ, ಅದೇ ಲ್ಯಾಪ್‌ಟಾಪಿನಲ್ಲಿ ಫಲಿತಾಂಶ ನೋಡಿದಳು. ಎಲ್ಲ ವಿಷಯದಲ್ಲೂ ಪಾಸು. ರೊಪ್ಪದ ನಕ್ಷೆಗೆ ಎಲ್ಲಕ್ಕಿಂತ ಹೆಚ್ಚು ಅಂಕ. ಮಗ ಎದ್ದು ಅಂಗಳಕ್ಕೆ ಹೋದ, ಹೊಸದುರ್ಗದವರಿಗೆ ತಾನೇ ಫೋನ್ ಮಾಡಿದ. ಹುಡುಗಿ ಇನ್ನೂ ಓದ್ತಾಳೆ, ಬೇರೆ ಕಡೆ ನೋಡ್ಕಳ್ರಿ ಎಂದದ್ದು ನನ್ನ ಕಿವಿಗೆ ಬಿತ್ತು. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಅತ್ತಳು. ಆಗ ಮೊಮ್ಮಗಳು ಕಂಬಳಿಯ ಕಥೆಯನ್ನು ಅಪ್ಪನಿಗೆ ಹೇಳಿಬಿಟ್ಟಳು. ಅವನು ನನ್ನ ಕಡೆ ನೋಡಿದ, ಮೊಣಕೈಯ ಕಲೆ ನೋಡಿದ, ನನ್ನ ಪಕ್ಕ ಬಂದು ಕೂತ.

ಎಲ್ಲರೂ ಎದ್ದು ಹೋದ ಮೇಲೆ ನಾನು ಅದರ ಹೊಟ್ಟೆಯ ಕೆಳಗೆ ಕೈ ಕೊಟ್ಟು ನೋಡಿದೆ. ತಣ್ಣಗಿತ್ತು. ಒಂದು ಸಲ ಎದೆ ಹಾರಿತು. ಆಮೇಲೆ, ಇರಲಿ, ತಣ್ಣಗೇ ಇರಲಿ ಎಂದುಕೊಂಡು ಕಂಬಳಿಯನ್ನು ನಾನೇ ಹೊದ್ದುಕೊಂಡೆ.