ಕೆಂಪು ದಾರದ ಮುಖವಾಡ

ಟ್ರಂಕಿಗೆ ಗುಜರಿಯವನು ಹೇಳಿದ್ದು ಸಾವಿರದ ಇನ್ನೂರು, ನಾನು ಕೊಟ್ಟಿದ್ದು ಏಳುನೂರು. ಬೀಗ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಬೀಗದ ಕೈ ಕಳೆದುಹೋಗಿತ್ತು. ಒಳಗೆ ಇಲಿ ಸತ್ತಿದ್ದರೆ ತೊಳೆಯುವವನು ನಾನು ತಾನೇ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಹೊಸಕೋಟೆಯ ಹೊರಗೆ ಒಂದು ಗೋಡೌನ್ ಖಾಲಿ ಮಾಡುತ್ತಿದ್ದರು. ಹಿಂದೆಂದೋ ಊರೂರಿಗೆ ಹೋಗಿ ಡೇರೆ ಹಾಕುತ್ತಿದ್ದ ಕುಸ್ತಿ ಕಂಪನಿಯೊಂದರ ಬೆಂಚು, ಗಳ, ಹಗ್ಗವೆಲ್ಲ ಗುಜರಿಗೆ ಹೋಗುತ್ತಿತ್ತು. ನನಗೆ ಬೇಕಾಗಿದ್ದು ಟ್ರಂಕು ಮಾತ್ರ. ಬೂದಿಗೆರೆ ಕಡೆಯ ಹೊಸ ಅಪಾರ್ಟ್‌ಮೆಂಟಿನವರು ಹಳೇ ಟ್ರಂಕಿಗೆ ಬಣ್ಣ ಹೊಡೆಸಿ ಟೀಪಾಯಿ ಮಾಡಿಕೊಳ್ಳುತ್ತಾರೆ. ಕೇಳಿದಷ್ಟು ಕೊಡುತ್ತಾರೆ.

ನೆಲಮಂಗಲದ ನನ್ನ ಅಂಗಡಿಗೆ ತಂದು ಬೀಗ ಒಡೆದೆ. ಇಲಿ ಇರಲಿಲ್ಲ. ನೀಲಗಿರಿ ಎಣ್ಣೆಯ ವಾಸನೆ ಎದ್ದು ಬಂತು. ಅಷ್ಟು ವರ್ಷ ಮುಚ್ಚಿದ್ದ ಟ್ರಂಕಿನ ವಾಸನೆಯಲ್ಲ ಅದು. ಯಾರೋ ಈಗ ತಾನೇ ಮೈಗೆ ತಿಕ್ಕಿಕೊಂಡು ಎದ್ದು ಹೋದ ಹಾಗೆ… ತಳದಲ್ಲಿ ಕಪ್ಪು ಬಟ್ಟೆಯ ಒಂದು ಮುಖವಾಡ. ಹಿಂದೆ ಕಟ್ಟುವ ಲಾಡಿಯನ್ನು ಎಂದೋ ಕತ್ತರಿಸಿ, ಮತ್ತೆ ಕೆಂಪು ದಾರದಲ್ಲಿ ಹೊಲಿದಿದ್ದರು. ಆ ಕೆಂಪು ದಾರ ಏಕೆ ಬಂತೆಂದು ನನಗೆ ಗೊತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ನನ್ನ ಪಕ್ಕದ ಮಳಿಗೆಯಲ್ಲಿ ಒಬ್ಬರು ಮೂಳೆ ಕಟ್ಟುತ್ತಿದ್ದರು. ಎಲ್ಲರಿಗೂ ಅವರು ಉಸ್ತಾದ್. ನಮ್ಮ ಬೀದಿಯ ಗೋಡೌನಿನ ಹಮಾಲರು, ಲಾರಿ ಡ್ರೈವರುಗಳು ಉಳುಕು ನೋವು ಎಂದು ಅವರ ಬಾಗಿಲಲ್ಲಿ ಕೂತಿರುತ್ತಿದ್ದರು. ವಯಸ್ಸಿನಲ್ಲಿ ಅವರು ಅದೇ ಕಂಪನಿಯಲ್ಲಿ ಟಿಕೆಟ್ಟಿನ ಕುಸ್ತಿ ಆಡಿದ್ದವರು. ನನಗೋ ಟಿವಿಯಲ್ಲಿ ಬರುವ ಕುಸ್ತಿಯ ಹುಚ್ಚು. ಗಿರಾಕಿ ಇಲ್ಲದ ಮೂರು ಗಂಟೆಯ ಹೊತ್ತಿಗೆ ಎರಡು ಲೋಟ ಟೀ ಹಿಡಿದು ಹೋಗುತ್ತಿದ್ದೆ. ಒಂದು ಟೀಗೆ ಒಂದು ಪ್ರಶ್ನೆ ಎಂದು ಕರಾರು ಮಾಡಿಕೊಂಡವನೂ ನಾನೇ. ಯಾರು ಗೆಲ್ಲಬೇಕೆಂದು ಯಾರು ತೀರ್ಮಾನಿಸುತ್ತಾರೆ? ಬರುವ ರಕ್ತ ನಿಜವೇ? ಬೈಸಿಕೊಳ್ಳುವ ಕೆಟ್ಟವನಿಗೂ ಜೈಕಾರದವನಿಗೂ ಒಂದೇ ಸಂಬಳವೇ? ಅವರು ನಗುತ್ತಾ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು. ಗೆಲ್ಲುವವನಿಗಿಂತ ಬೀಳುವವನಿಗೇ ಹೆಚ್ಚು ಕೊಡುತ್ತಿದ್ದರಂತೆ.

"ಎತ್ತೋದು ಯಾವನ್ ಬೇಕಾದ್ರೂ ಎತ್ತುತಾನೆ ಕಣಪ್ಪಾ. ಬೀಳೋದೇ ಕಸುಬು" ಎಂದಿದ್ದರು.

ಕೈ ಒತ್ತುವ ವಿಷಯ ತಿಳಿದದ್ದೂ ಹಾಗೆಯೇ. ಅಖಾಡದಲ್ಲಿ ಪಟ್ಟು ಹಾಕಿದಾಗ ಜನರಿಗೆ ಕಾಣದಂತೆ ಎದುರಾಳಿಯ ಅಂಗೈಯನ್ನು ಎರಡು ಸಲ ಒತ್ತಬೇಕು. ಚೆನ್ನಾಗಿದ್ದೀಯಾ ಎಂದು ಅರ್ಥ. ಅವನು ಎರಡು ಸಲ ತಿರುಗಿ ಒತ್ತಿದರೆ ಆಟ ಮುಂದುವರಿಯಬಹುದು. ಒತ್ತದಿದ್ದರೆ ಹಿಡಿತ ಬಿಟ್ಟು ಪರದೆಯ ಕಡೆ ಸನ್ನೆ ಮಾಡಬೇಕು. ಬಾಯಿ ಬಿಟ್ಟು ಕೇಳುವ ಹಾಗಿಲ್ಲ. ಮುಖವಾಡ ಹಾಕಿದವನಾದರೆ ಮುಖವೂ ಕಾಣುವುದಿಲ್ಲ.

ಮುಖವಾಡದ ಮನುಷ್ಯ ಎನ್ನುವುದು ಒಂದು ವೇಷ. ಉಸ್ತಾದರೂ ಅವರ ಜೊತೆಗಾರನೂ ಸರದಿಯ ಮೇಲೆ ಹಾಕುತ್ತಿದ್ದರು. ಆ ಜೊತೆಗಾರ ಆಮೇಲೆ ಏನಾದ ಎಂದು ಒಂದು ದಿನ ಕೇಳಿದೆ. ಉಸ್ತಾದರು ಟೀ ಲೋಟ ಕೆಳಗಿಟ್ಟರು. ಹೇಳತೊಡಗಿದರು.

ಒಂದು ಭಾನುವಾರ ಮಧ್ಯಾಹ್ನದ ಆಟದಲ್ಲಿ ಮುಖವಾಡ ಜೊತೆಗಾರನದು. ಇವರು ಎತ್ತಿ ಹಾಕಿದರು. ಅವನು ಬಿದ್ದ ಸದ್ದು ಸರಿಯಿರಲಿಲ್ಲ. ಕತ್ತಿಗೆ ಪಟ್ಟು ಹಾಕಿ ಕೈ ಒತ್ತಿದರು. ತಿರುಗಿ ಎರಡು ಒತ್ತು ಬಂತು, ಮೊದಲನೆಯದು ಮೆತ್ತಗೆ, ಎರಡನೆಯದು ಗಟ್ಟಿ. ಹಾಗಾಗಿ ಸೀಟಿ ಊದುವವರೆಗೂ ಇವರು ಅದುಮಿಯೇ ಇದ್ದರು. ಪರದೆಯ ಹಿಂದೆ ಹೊತ್ತು ತಂದು, ಲಾಡಿಯ ಗಂಟು ಬಿಚ್ಚಲಾಗದೆ ಕತ್ತರಿಸಿ ನೋಡಿದರೆ ಜೀವ ಇರಲಿಲ್ಲ. ಬಿದ್ದ ಕ್ಷಣಕ್ಕೇ ಕತ್ತು ಮುರಿದು ಜೀವ ಹೋಗಿದೆ ಎಂದರು ಡಾಕ್ಟರು. ಸಂಜೆಯ ಟಿಕೆಟ್ಟು ಆಗಲೇ ಮಾರಿಹೋಗಿತ್ತು. ಕಂಪನಿಯ ಮಾಲೀಕರು ಲಾಡಿಯನ್ನು ಕೆಂಪು ದಾರದಲ್ಲಿ ಹೊಲಿಸಿ ಅದೇ ಮುಖವಾಡವನ್ನು ಒಬ್ಬ ಹೊಸಬನಿಗೆ ತೊಡಿಸಿದರು. ಎದುರಿಗೆ ಮತ್ತೆ ಉಸ್ತಾದರೇ.

"ಸಂಜೇನೂ ಕೈ ಒತ್ತಿದೆ. ಅದೇ ಒತ್ತು ಬಂತು, ಒಂದು ಮೆತ್ತಗೆ, ಒಂದು ಗಟ್ಟಿ. ಆಟ ಆದ್ಮೇಲೆ ಹೊಸಬನ್ನ ಕೇಳಿದ್ರೆ, ಗಾಬ್ರೀಲಿ ಒತ್ತೋದೇ ಮರೆತ್ಬಿಟ್ಟೆ ಉಸ್ತಾದ್ ಅಂದ."

ನನ್ನ ಕೈಯ ಟೀ ತಣ್ಣಗಾಗಿತ್ತು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಮಧ್ಯಾಹ್ನ ಅವನು ಬದುಕಿದ್ದು ಒತ್ತಿದ್ದಾದ್ರೆ, ಅದುಮಿ ಕೊಂದೋನು ನಾನೇ. ಸಂಜೆ ಒತ್ತು ಬಂದಿದ್ದಕ್ಕೆ ಡಾಕ್ಟರ ಮಾತು ನಂಬಿದೆ. ಸತ್ತ ಮೇಲೂ ಒತ್ತುತಾನೆ ಅವನು. ಅದೊಂದು ನಂಬಿಕೆ ಮೇಲೆ ಉಂಡು ಮಲಗ್ತಾ ಇದ್ದೀನಿ. ಇದು ನಿನ್ನ ಹತ್ರಾನೇ ಇರ್ಲಿ."

ನನ್ನ ಹತ್ತಿರ ಅದು ಒಂದು ವಾರವೂ ಇರಲಿಲ್ಲ. ಟೀ ಅಂಗಡಿಯಲ್ಲಿ ನಾಲ್ಕು ಜನ ಕಿವಿಗೊಟ್ಟರೆಂದು ಹೇಳಿಬಿಟ್ಟೆ. ಮೂರನೆಯ ದಿನ ಗೋಡೌನಿನ ಹುಡುಗರು ಉಸ್ತಾದರ ಬಾಗಿಲಿಗೆ ಬಂದರು. ಒಬ್ಬ ಉಳುಕಿದೆ ಎಂದು ಕೈ ಕೊಟ್ಟು, ಅವರು ಹಿಡಿದದ್ದೇ ತಡ ಅವರ ಅಂಗೈ ಒತ್ತಿದ. ಒಂದು ಸಲ ಮೆತ್ತಗೆ, ಒಂದು ಸಲ ಗಟ್ಟಿ. ಮಿಕ್ಕವರು ನಕ್ಕರು. ನಾನು ನನ್ನ ಅಂಗಡಿಯಿಂದ ನೋಡುತ್ತಿದ್ದೆ. ಉಸ್ತಾದರು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾ ಕೂತರು. ಹಾಗೆ ಒತ್ತಲು ಯಾರಿಗಾದರೂ ಬರುತ್ತದೆ, ಹೊಸಬನಿಗೂ ಬಂದಿರಬಹುದು, ಅವನು ಒತ್ತಿಯೂ ಸುಳ್ಳು ಹೇಳಿರಬಹುದು, ಹಾಗಾದರೆ ಮಧ್ಯಾಹ್ನ ಒತ್ತಿದವನು ಬದುಕಿದ್ದ… ಆ ಲೆಕ್ಕ ಅವರ ತಲೆಯಲ್ಲಿ ಓಡುವುದು ನನಗೆ ಕಾಣುತ್ತಿತ್ತು.

ಮಾರನೆಯ ದಿನ ಮೂರು ಗಂಟೆಗೆ ಅವರೇ ನನ್ನ ಅಂಗಡಿಗೆ ಬಂದರು. ನನ್ನ ಕೈ ಹಿಡಿದು ಎರಡು ಸಲ ಒತ್ತಿದರು.

ನಾನು ಎರಡು ಸಲ ತಿರುಗಿ ಒತ್ತಿದೆ. ಎಲ್ಲ ಸರಿ ಇದೆ, ಉಸ್ತಾದ್.

ಅವರು ನನ್ನ ಮುಖ ನೋಡಿದರು. ಕೈ ಬಿಟ್ಟರು. ಆ ವಾರವೇ ಮಳಿಗೆ ಖಾಲಿಯಾಯಿತು. ಜಡಿಗೇನಹಳ್ಳಿ ಕಡೆ ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ಎಷ್ಟೋ ದಿನದ ಮೇಲೆ ಮಳಿಗೆಯ ಮಾಲೀಕರಿಂದ ತಿಳಿಯಿತು. ಕೊನೆಕೊನೆಗೆ ಯಾರಿಗೂ ಕೈ ಮುಟ್ಟಲು ಬಿಡುತ್ತಿರಲಿಲ್ಲವಂತೆ.

ಟ್ರಂಕು ಮೂರು ಸಾವಿರಕ್ಕೆ ಹೋಯಿತು. ಮುಖವಾಡ ನನ್ನ ಮೇಜಿನ ಡ್ರಾಯರಿನಲ್ಲಿದೆ. ಎರಡು ಸಲ ಒಗೆದು ಬಿಸಿಲಿಗೆ ಹಾಕಿದೆ, ವಾಸನೆ ಹೋಗಿಲ್ಲ. ಮೊನ್ನೆ ಹೊಲಿಗೆ ನೋಡೋಣವೆಂದು ಒಳಗೆ ಕೈ ಹಾಕಿದವನು, ಯಾಕೆಂದು ತಿಳಿಯದೆ, ಬಟ್ಟೆಯನ್ನು ಎರಡು ಸಲ ಒತ್ತಿದೆ. ಒತ್ತಿ ಕಾದೆ. ಏನಾದರೂ ಬರುತ್ತದೆಂಬ ಭಯ ಎಷ್ಟಿತ್ತೋ, ಬರುವುದಿಲ್ಲವೆಂಬ ಭಯವೂ ಅಷ್ಟೇ ಇತ್ತು… ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ವ್ಯಾಪಾರದವನು ನಾನು, ಎರಡು ಮಾತು ಹೇಳಿ ಮುಗಿಸುತ್ತೇನೆ. ಹಳೇ ಟ್ರಂಕು ಕೊಳ್ಳುವುದಾದರೆ ಮಾರುವವನ ಎದುರಿಗೇ ಬೀಗ ಒಡೆಸಿ ಕೊಳ್ಳಿ. ಇನ್ನೊಂದು, ನಿಮ್ಮ ಹಿಡಿತದಲ್ಲಿ ಯಾರಾದರೂ ಇದ್ದರೆ, ಅವರ ಕೈ ಎಲ್ಲ ಸರಿ ಇದೆ ಎಂದರೂ ನಂಬಬೇಡಿ. ಆಟ ನಿಲ್ಲಿಸಿ, ಲಾಡಿ ಬಿಚ್ಚಿ, ಒಮ್ಮೆ ಮುಖ ನೋಡಿ.